ಹೆಸರು ಎರಡು, ಮದ್ದು ಒಂದೇ: ಊರಿನ ಚೀಲದಲ್ಲಿ ಬರುವ ಮಾತ್ರೆಗಳ ಬಗ್ಗೆ ಎಚ್ಚರವಿರಲಿ

ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಬಂದು ಪನ್ವೇಲ್, ಥಾಣೆಗಳಲ್ಲಿ ಇಳಿಯುವ ಕರಾವಳಿಯ ಹಿರಿಯರಿರಲಿ, ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಲಬುರಗಿ ಕಡೆಯಿಂದ ಕಲ್ಯಾಣಕ್ಕೆ ಬರುವ ಹಿರಿಯರಿರಲಿ, ಅವರ ಚೀಲದಲ್ಲಿ ಹಪ್ಪಳ, ಉಪ್ಪಿನಕಾಯಿ, ಖಡಕ್ ರೊಟ್ಟಿಯ ಜತೆಗೆ ಮಾತ್ರೆಗಳ ಒಂದು ಕಟ್ಟು ಇದ್ದೇ ಇರುತ್ತದೆ. ಬಿ.ಪಿ.ಯದ್ದು, ಸಕ್ಕರೆ ಕಾಯಿಲೆಯದ್ದು, ಮೊಣಕಾಲು ನೋವಿನದ್ದು ಎಂದು ಊರಿನ ಡಾಕ್ಟರು ಬರೆದುಕೊಟ್ಟ ಮಾತ್ರೆಗಳು ಎರಡು ತಿಂಗಳಿಗೆ ಸಾಕಾಗುವಷ್ಟು. ಇಲ್ಲಿ ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಉಳಿದಿರುವಾಗ ತಲೆ ತಿರುಗಿತೆಂದು, ಕಾಲು ಬಾತಿತೆಂದು ಸಮೀಪದ ಡಾಕ್ಟರಿಗೆ ತೋರಿಸುತ್ತಾರೆ. ಅವರೂ ಒಂದು ಚೀಟಿ ಬರೆದುಕೊಡುತ್ತಾರೆ. ಊರಿನ ಮಾತ್ರೆ ನಿಲ್ಲುವುದಿಲ್ಲ, ಮುಂಬಯಿಯ ಮಾತ್ರೆ ಶುರುವಾಗುತ್ತದೆ.

ತೊಂದರೆ ಹುಟ್ಟುವುದು ಇಲ್ಲಿ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದಲ್ಲಿ ನೆಲೆಸಿರುವ ತುಳು-ಕನ್ನಡಿಗರ ಮನೆಗಳಲ್ಲಿ ಔಷಧದಿಂದ ಆಗಬಹುದಾದ ಅಪಾಯವೆಂದರೆ ನಕಲಿ ಔಷಧವೊಂದೇ ಅಲ್ಲ. ಒಳ್ಳೆಯ ಡಾಕ್ಟರು ಬರೆದ, ಒಳ್ಳೆಯ ಕಂಪೆನಿ ತಯಾರಿಸಿದ ಮದ್ದನ್ನೇ ಎರಡು ಹೆಸರಿನಲ್ಲಿ ಎರಡು ಸಲ ನುಂಗುವುದು ಅದಕ್ಕಿಂತ ಹತ್ತಿರದ ಅಪಾಯ.

ನಿಜವಾದ ಹೆಸರು ಸ್ಟ್ರಿಪ್‌ನಲ್ಲೇ ಇದೆ

ಪ್ರತಿಯೊಂದು ಮಾತ್ರೆಗೂ ಎರಡು ಹೆಸರುಗಳಿರುತ್ತವೆ. ಸ್ಟ್ರಿಪ್‌ನ ಮೇಲಿರುವುದರಲ್ಲಿ ಒಂದು ಕಂಪೆನಿ ಇಟ್ಟ ಬ್ರ್ಯಾಂಡ್ ಹೆಸರು. ಇನ್ನೊಂದು ಮದ್ದಿನ ನಿಜವಾದ ಹೆಸರು. ಉದಾಹರಣೆಗೆ, ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಎಂಬ ಮದ್ದನ್ನು ಒಂದು ಕಂಪೆನಿ ಆಮ್ಲಾಂಗ್ ಎಂದೂ ಇನ್ನೊಂದು ಸ್ಟ್ಯಾಮ್ಲೋ ಎಂದೂ ಮತ್ತೊಂದು ಆಮ್ಲೋಪ್ರೆಸ್ ಎಂದೂ ಮಾರುತ್ತದೆ. ಜನೌಷಧಿ ಅಂಗಡಿಯಲ್ಲಿ ಅದೇ ಮದ್ದು ಆಮ್ಲೊಡಿಪಿನ್ ಎಂಬ ತನ್ನ ಸ್ವಂತ ಹೆಸರಿನಲ್ಲಿ, ಕಡಿಮೆ ಬೆಲೆಗೆ ಸಿಗುತ್ತದೆ. ಹೆಸರು ನಾಲ್ಕಾದರೂ ದೇಹದೊಳಗೆ ಮಾಡುವ ಕೆಲಸ ಒಂದೇ.

ಎರಡು ಮದ್ದುಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿದಾಗ ಗುರುತಿಸುವುದು ಇನ್ನೂ ಕಷ್ಟ. ಟೆಲ್ಮಾ-ಎಎಂ ಎಂಬ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ಜತೆಗೆ ಆಮ್ಲೊಡಿಪಿನ್ ಕೂಡ ಇದೆ. ಊರಿನಿಂದ ಆಮ್ಲಾಂಗ್ ತಂದವರಿಗೆ ಇಲ್ಲಿ ಟೆಲ್ಮಾ-ಎಎಂ ಬರೆದರೆ, ಮೊದಲಿನದನ್ನು ನಿಲ್ಲಿಸದಿದ್ದಲ್ಲಿ ಆಮ್ಲೊಡಿಪಿನ್ ದುಪ್ಪಟ್ಟಾಗುತ್ತದೆ. ಕಾಲಿನ ಗಂಟಿನ ಬಳಿ ಬಾವು, ಹಾಸಿಗೆಯಿಂದ ಏಳುವಾಗ ತಲೆ ತಿರುಗುವುದು, ಬಚ್ಚಲುಮನೆಯಲ್ಲಿ ಬೀಳುವುದು ಇದರ ಪರಿಣಾಮವಾಗಿರಬಹುದು. ಬಾವು ಬಂತೆಂದು ಮತ್ತೆ ಡಾಕ್ಟರಲ್ಲಿಗೆ ಹೋದರೆ ನೀರಿಳಿಸುವ ಮಾತ್ರೆಯೊಂದು ಸೇರಿಕೊಳ್ಳುತ್ತದೆ. ಒಂದು ಮಾತ್ರೆಯಿಂದ ಬಂದ ತೊಂದರೆಗೆ ಇನ್ನೊಂದು ಮಾತ್ರೆ ಎಂಬ ಸರಪಳಿ ಶುರುವಾಗುವುದು ಹೀಗೆಯೇ.

ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಈ ತಪ್ಪು ಇನ್ನೂ ಗಂಭೀರ. ಗ್ಲೈಕೊಮೆಟ್-ಜಿಪಿ ಎಂಬ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜತೆಗೆ ಗ್ಲಿಮೆಪಿರೈಡ್ ಇದೆ. ಅಮರಿಲ್ ಎಂಬ ಮಾತ್ರೆಯಲ್ಲಿ ಇರುವುದೂ ಅದೇ ಗ್ಲಿಮೆಪಿರೈಡ್. ಇದು ಊಟ ಮಾಡಿದರೂ ಮಾಡದಿದ್ದರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮದ್ದು. ಎರಡನ್ನೂ ನುಂಗಿ, ಏಕಾದಶಿ ಉಪವಾಸವೆಂದೋ ಮದುವೆ ಮನೆಯಲ್ಲಿ ಪಂಕ್ತಿ ತಡವಾಯಿತೆಂದೋ ಊಟ ತಪ್ಪಿದರೆ ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಮಾತು ತೊದಲುವುದು, ಗಲಿಬಿಲಿ ಇದರ ಲಕ್ಷಣಗಳು. ವಯಸ್ಸಾದವರಲ್ಲಿ ಇದನ್ನು ಬರೀ ಸುಸ್ತು ಎಂದು ಬಿಟ್ಟುಬಿಡುವುದುಂಟು. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಮದ್ದಿನ ಪ್ರಭಾವ ಗಂಟೆಗಟ್ಟಲೆ ಉಳಿದು ಸಕ್ಕರೆ ಮತ್ತೆ ಇಳಿಯಬಹುದು. ಮಹಾರಾಷ್ಟ್ರದಲ್ಲಿ ಆಂಬುಲೆನ್ಸ್‌ಗೆ 108ಕ್ಕೆ ಫೋನ್ ಮಾಡಬಹುದು.

ಚೀಟಿಯ ಭಾಷೆ, ಮನೆಯ ಭಾಷೆ

ಊರಿನಿಂದ ಬಂದ ಅಜ್ಜಿಗೆ ಬರುವುದು ಕನ್ನಡವೋ ತುಳುವೋ ಮಾತ್ರ. ಡಾಕ್ಟರು ಮರಾಠಿ, ಹಿಂದಿಯಲ್ಲಿ ಹೇಳುತ್ತಾರೆ. ನಡುವೆ ಭಾಷಾಂತರ ಮಾಡುವುದು ಶಾಲೆಗೆ ಹೋಗುವ ಮೊಮ್ಮಗ. 'ಊಟದ ಮೊದಲು' ಎನ್ನುವುದು 'ಊಟದ ನಂತರ' ಆಗಲು ಹೆಚ್ಚು ಹೊತ್ತು ಬೇಕಿಲ್ಲ.

ಚೀಟಿಯಲ್ಲಿ ಬರೆಯುವ ಕೆಲವು ಗುರುತುಗಳನ್ನು ಮನೆಮಂದಿ ತಿಳಿದುಕೊಂಡರೆ ಉಪಯೋಗವಿದೆ. ಒಡಿ ಎಂದರೆ ದಿನಕ್ಕೆ ಒಂದು ಸಲ, ಬಿಡಿ ಎಂದರೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ. ಎಚ್‌ಎಸ್ ಎಂದರೆ ರಾತ್ರಿ ಮಲಗುವಾಗ. ಎಸಿ ಎಂದರೆ ಊಟಕ್ಕೆ ಮೊದಲು, ಪಿಸಿ ಎಂದರೆ ಊಟದ ನಂತರ. ಎಸ್‌ಒಎಸ್ ಎಂದಿದ್ದರೆ ಅಗತ್ಯ ಬಿದ್ದಾಗ ಮಾತ್ರ, ದಿನವೂ ಅಲ್ಲ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ನೋವಿಗೆ ಎಸ್‌ಒಎಸ್ ಎಂದು ಬರೆದುಕೊಟ್ಟ ಗುಳಿಗೆಯನ್ನು ತಿಂಗಳುಗಟ್ಟಲೆ ದಿನಾಲೂ ನುಂಗುವವರಿದ್ದಾರೆ.

ನೋವಿನ ಗುಳಿಗೆಯ ಮಿತಿ

ಹೊಟೇಲಿನಲ್ಲಿ ಬೆಳಗಿನ ಜಾವದಿಂದ ನಿಂತೇ ದುಡಿಯುವವರು, ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ವರೆಗೆ ಲೋಕಲ್‌ನಲ್ಲಿ ನಿಂತು ಹೋಗುವವರು, ಇವರಿಗೆಲ್ಲ ಸೊಂಟ ನೋವು, ಕಾಲು ನೋವು ಹೊಸತಲ್ಲ. ಮೆಡಿಕಲ್‌ನಲ್ಲಿ ಕೇಳಿದರೆ ಗುಳಿಗೆ ಸುಲಭವಾಗಿ ಸಿಗುತ್ತದೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಇವೆ. ಅದನ್ನು ನುಂಗಿದವರು ಮೈ ಬಿಸಿಯಿದೆಯೆಂದು ಡೋಲೊ ಅಥವಾ ಕ್ರೋಸಿನ್ ತೆಗೆದುಕೊಂಡರೆ ಮತ್ತೆ ಪ್ಯಾರಾಸಿಟಮಾಲ್. ಶೀತಕ್ಕೆಂದು ಸಿಗುವ ಅನೇಕ ಮಾತ್ರೆಗಳಲ್ಲೂ ಅದೇ ಇದೆ.

ಪ್ಯಾರಾಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಸುರಕ್ಷಿತ ಮದ್ದು. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ 4 ಗ್ರಾಂ ಅದರ ಮೇಲಿನ ಮಿತಿ. ವಯಸ್ಸಾದವರು, ತೂಕ ಕಡಿಮೆಯಿರುವವರು, ಯಕೃತ್ತಿನ ಕಾಯಿಲೆಯವರು, ಮದ್ಯ ಸೇವಿಸುವವರು ಅದಕ್ಕಿಂತ ಕಡಿಮೆಯಲ್ಲೇ ನಿಲ್ಲಬೇಕು. ನುಂಗಿದ ಪ್ಯಾರಾಸಿಟಮಾಲ್‌ನ ಒಂದು ಸಣ್ಣ ಪಾಲು ಯಕೃತ್ತಿನಲ್ಲಿ ವಿಷವಸ್ತುವಾಗಿ ಬದಲಾಗುತ್ತದೆ. ಅದನ್ನು ಕೂಡಲೇ ನಿರುಪದ್ರವಿಯಾಗಿಸುವ ದ್ರವ್ಯ ಯಕೃತ್ತಿನಲ್ಲೇ ಇದೆ. ಪ್ರಮಾಣ ಮೀರಿದರೆ ಆ ದ್ರವ್ಯ ಮುಗಿದುಹೋಗಿ ಯಕೃತ್ತೇ ಹಾಳಾಗುತ್ತದೆ. ಸಂಯುಕ್ತ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಮೀರಬಾರದೆಂದು ಕೇಂದ್ರ ಸರಕಾರ 2011ರಲ್ಲಿ ಆದೇಶ ಹೊರಡಿಸಿದ್ದು ಈ ಭಯದಿಂದಲೇ.

ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಗುಂಪಿನ ನೋವಿನ ಮಾತ್ರೆಗಳ ತೊಂದರೆ ಬೇರೆ. ಇವು ಹೊಟ್ಟೆಯ ಒಳಪದರದ ರಕ್ಷಣೆಯನ್ನು ಕಡಿಮೆ ಮಾಡುತ್ತವೆ, ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೂ ತಗ್ಗಿಸುತ್ತವೆ. ಬಿ.ಪಿ.ಗೆ ಟೆಲ್ಮಿಸಾರ್ಟನ್‌ನಂಥ ಮಾತ್ರೆ ಮತ್ತು ನೀರಿಳಿಸುವ ಮಾತ್ರೆ ಎರಡನ್ನೂ ತೆಗೆದುಕೊಳ್ಳುವವರು ಇವನ್ನು ಸೇರಿಸಿಕೊಂಡರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಪೆಟ್ಟು. ಹೃದಯಕ್ಕೆಂದು ಇಕೋಸ್ಪ್ರಿನ್ ನುಂಗುವವರಲ್ಲಿ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ಡಾಕ್ಟರನ್ನು ಕಾಣಬೇಕು.

ಕೆಂಪು ಗೆರೆ ಏನು ಹೇಳುತ್ತದೆ?

ಮಳೆಗಾಲ ಬಂತೆಂದರೆ ಮನೆಮನೆಯಲ್ಲೂ ಜ್ವರ, ಕೆಮ್ಮು. ಕಳೆದ ವರ್ಷ ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆ ಕಪಾಟಿನಿಂದ ಹೊರಬರುವುದೂ ಆಗಲೇ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ವೈರಸ್‌ನಿಂದ ಬರುವ ಶೀತ, ಫ್ಲೂ, ಡೆಂಗಿಗಳಲ್ಲಿ ಅದರಿಂದ ಯಾವ ಉಪಯೋಗವೂ ಇಲ್ಲ. ಡೆಂಗಿ ಶಂಕೆಯಿದ್ದಾಗ ಐಬುಪ್ರೊಫೆನ್, ಆಸ್ಪಿರಿನ್‌ಗಳನ್ನು ತಾವಾಗಿ ನುಂಗುವುದು ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತದೆ.

ಸ್ಟ್ರಿಪ್‌ನ ಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಮದ್ದು. ಈ ಗೆರೆಯ ಬಗ್ಗೆ ಜನರಿಗೆ ತಿಳಿಹೇಳಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರ ನಡೆಸಿತು. ಅದಕ್ಕೂ ಮೊದಲು, 2014ರ ಮಾರ್ಚ್ 1ರಿಂದ, ಎಚ್-1 ಎಂಬ ಪಟ್ಟಿ ಜಾರಿಗೆ ಬಂದಿತ್ತು. ಕೆಲವು ಪ್ರಬಲ ಆಂಟಿಬಯೋಟಿಕ್‌ಗಳು, ಕ್ಷಯದ ಮದ್ದುಗಳು, ನಿದ್ದೆ ಮಾತ್ರೆಗಳು ಸೇರಿದಂತೆ ಆರಂಭದಲ್ಲಿ 46 ಔಷಧಗಳಿದ್ದ ಪಟ್ಟಿ ಅದು. ಇವನ್ನು ಮಾರುವಾಗ ರೋಗಿಯ ಹೆಸರು, ಬರೆದ ಡಾಕ್ಟರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಗುರುತಿನವರೆಂಬ ಸಲುಗೆಯಿಂದ ಚೀಟಿ ಇಲ್ಲದೆ ಕೊಡಿ ಎಂದು ಒತ್ತಾಯಿಸುವುದು ಅಂಗಡಿಯವರಿಗೂ ತೊಂದರೆ, ನುಂಗುವವರಿಗೂ ತೊಂದರೆ.

ಊರಿನ ನಾಟಿ ಮದ್ದಿನ ವಿಷಯದಲ್ಲೂ ಒಂದು ಮಾತು. ಹೆಸರಿಲ್ಲದ, ಲೇಬಲ್ ಇಲ್ಲದ ಚೂರ್ಣದ ಪೊಟ್ಟಣದಲ್ಲಿ ಏನಿದೆ ಎಂದು ಯಾರೂ ಹೇಳಲಾರರು. ಎರಡೇ ದಿನಗಳಲ್ಲಿ ಗಂಟು ನೋವು ಮಾಯವಾದರೆ ಅದರೊಳಗೆ ಸ್ಟಿರಾಯ್ಡ್ ಸೇರಿರಬಹುದೇ ಎಂದು ಅನುಮಾನಿಸುವುದು ಲೇಸು. ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಗುಣಪಡಿಸುತ್ತೇವೆ ಎಂಬಂಥ ಜಾಹೀರಾತುಗಳನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಲೈಸೆನ್ಸ್ ಪಡೆದ ಆಯುರ್ವೇದ ಔಷಧವನ್ನು ತೆಗೆದುಕೊಳ್ಳುತ್ತಿದ್ದರೂ ಅದನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು.

1986ರ ಜೆ.ಜೆ. ಆಸ್ಪತ್ರೆಯ ದುರಂತ

ಇಲ್ಲಿಯವರೆಗೆ ಹೇಳಿದ್ದೆಲ್ಲ, ಲೇಬಲ್‌ನಲ್ಲಿ ಬರೆದಿರುವುದೇ ಔಷಧದಲ್ಲಿ ಇದೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆಯೇ ಮುರಿದಾಗ ಏನಾಗುತ್ತದೆ ಎಂಬುದನ್ನು ಮುಂಬಯಿ ನಗರ ಕಂಡಿದೆ. 1986ರ ಆರಂಭದಲ್ಲಿ ಭಾಯಖಳದ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಾಲ್ ಕುಡಿಸಿದ 14 ರೋಗಿಗಳು ಮೂತ್ರಪಿಂಡ ವಿಫಲವಾಗಿ ಅಸುನೀಗಿದರು. ಮೆದುಳಿನ ಬಾವು, ಕಣ್ಣಿನೊಳಗಿನ ಒತ್ತಡಗಳನ್ನು ಇಳಿಸಲು ಗ್ಲಿಸರಾಲ್ ಕೊಡುವುದು ಆಗ ರೂಢಿಯಲ್ಲಿತ್ತು. ಆದರೆ ಆಸ್ಪತ್ರೆಗೆ ಪೂರೈಕೆಯಾದ ಗ್ಲಿಸರಾಲ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು.

ಥಾಣೆ-ಬೇಲಾಪುರ ರಸ್ತೆಯಲ್ಲಿ, ಡೊಂಬಿವಲಿಯ ಎಂ.ಐ.ಡಿ.ಸಿ.ಯಲ್ಲಿ ಕೆಮಿಕಲ್ ಕಂಪೆನಿಗಳಲ್ಲಿ ದುಡಿದವರಿಗೆ ಈ ದ್ರವದ ಹೆಸರು ಅಪರಿಚಿತವಲ್ಲ. ಕಾರ್ಖಾನೆಗಳಲ್ಲಿ ಬಳಸುವ ವಸ್ತುವದು. ನೋಡಲು ಗ್ಲಿಸರಾಲ್‌ನಂತೆಯೇ ಮಂದ, ರುಚಿಯೂ ಸಿಹಿ. ಪರೀಕ್ಷೆ ಮಾಡದೆ ಎರಡನ್ನೂ ಬೇರೆಯಾಗಿ ಗುರುತಿಸುವುದು ಸಾಧ್ಯವಿಲ್ಲ. ನ್ಯಾಯಮೂರ್ತಿ ಬಿ. ಲೆಂಟಿನ್ ಅವರ ಆಯೋಗ ಈ ಪ್ರಕರಣದ ತನಿಖೆ ನಡೆಸಿತು. ಪೂರೈಕೆದಾರರು, ಆಸ್ಪತ್ರೆಯ ಖರೀದಿ ವ್ಯವಸ್ಥೆ, ರಾಜ್ಯದ ಆಹಾರ ಮತ್ತು ಔಷಧ ಆಡಳಿತ, ಸಚಿವರು ಹೀಗೆ ಯಾರನ್ನೂ ಬಿಡದೆ ಆಯೋಗ ಕಟುವಾಗಿ ಟೀಕಿಸಿತು.

ಅದೇ ವಿಷ 1937ರಲ್ಲಿ ಅಮೆರಿಕದಲ್ಲಿ 100ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಜೆ.ಜೆ. ದುರಂತದ ನಂತರವೂ ಅದು ನಿಲ್ಲಲಿಲ್ಲ. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿನ ತನಿಖೆಯಲ್ಲಿ ಭಾರತದಿಂದ ಹೋದ ಸಿರಪ್‌ಗಳ ಹೆಸರು ಬಂತು. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಪರಿಸರದಲ್ಲಿ ಕೋಲ್ಡ್‌ರಿಫ್ ಎಂಬ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಪುಟ್ಟ ಮಕ್ಕಳು ಮೃತಪಟ್ಟರು. ಶೇ. 0.1ರ ಒಳಗಿರಬೇಕಾದ ಡೈಎಥಿಲೀನ್ ಗ್ಲೈಕಾಲ್ ಅದರಲ್ಲಿ ಶೇ. 48.6ರಷ್ಟಿತ್ತು ಎಂದು ತಮಿಳುನಾಡಿನ ಪರೀಕ್ಷೆಯಲ್ಲಿ ಕಂಡುಬಂತು. ಕಾಂಚೀಪುರಂ ಜಿಲ್ಲೆಯ ಆ ತಯಾರಕರ ಲೈಸೆನ್ಸ್ ರದ್ದಾಯಿತು.

ಬ್ಯಾಚ್ ನಂಬರ್, ಬಿಲ್ ಏಕೆ ಬೇಕು?

ಇಂತಹ ವಿಷವನ್ನು ಮನೆಯಲ್ಲಿ ಕಂಡುಹಿಡಿಯಲಾಗದು. ಅದು ಕಾರ್ಖಾನೆಯ ಮತ್ತು ಸರಕಾರದ ಹೊಣೆ. ಆದರೆ ಸುದ್ದಿ ಹೊರಬಿದ್ದ ದಿನ ಮನೆಯಲ್ಲಿರುವ ಬಾಟಲಿ ಅದೇ ಹೌದೋ ಅಲ್ಲವೋ ಎಂದು ತಿಳಿಯುವುದು ಬ್ಯಾಚ್ ನಂಬರಿನಿಂದ. 2025ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಹೊರಡಿಸಿದಾಗ ಹೇಳಿದ್ದೂ ಅದನ್ನೇ: ಕೋಲ್ಡ್‌ರಿಫ್, ಬ್ಯಾಚ್ ನಂಬರ್ ಎಸ್‌ಆರ್-13, ಇದ್ದರೆ ಬಳಸಬೇಡಿ, ಕೂಡಲೇ ತಿಳಿಸಿ ಎಂದು. ಬಾಟಲಿಯ ಪೆಟ್ಟಿಗೆ ಎಸೆದವರಿಗೆ, ಲೇಬಲ್ ಕಿತ್ತುಹೋದವರಿಗೆ ಆ ಎಚ್ಚರಿಕೆಯಿಂದ ಏನು ಪ್ರಯೋಜನ?

ಬಿಲ್‌ನಲ್ಲಿ ಬ್ಯಾಚ್ ನಂಬರ್ ನಮೂದಾಗಿರುತ್ತದೆ. ಐದು ರೂಪಾಯಿ ಬಿಟ್ಟುಕೊಡುತ್ತಾರೆಂದು ಬಿಲ್ ಬೇಡವೆನ್ನುವುದು ಲಾಭದ ವ್ಯವಹಾರವಲ್ಲ. ಎರಡೇ ಮಾತ್ರೆ ಬೇಕೆಂದು ಸ್ಟ್ರಿಪ್ ಕತ್ತರಿಸಿಕೊಂಡರೆ ಮದ್ದಿನ ಹೆಸರು ಒಂದು ತುಂಡಿಗೆ, ಬ್ಯಾಚ್ ಮತ್ತು ವಾಯಿದೆ ಇನ್ನೊಂದು ತುಂಡಿಗೆ ಹೋಗುತ್ತದೆ. ಹಾಗೆ ಕೊಂಡಾಗ ಬಿಲ್ ಇನ್ನೂ ಮುಖ್ಯ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ತಯಾರಕರ ಹೆಸರು, ಬ್ಯಾಚ್, ವಾಯಿದೆ ಕಾಣಬೇಕು. ವಾಯಿದೆ ಎಂದರೆ ಬರೆದಿರುವ ತಿಂಗಳಿನ ಕೊನೆಯ ದಿನದವರೆಗೆ.

ಮಕ್ಕಳ ವಿಷಯದಲ್ಲಂತೂ ಕೆಮ್ಮಿನ ಸಿರಪ್ ಬೇಕೇ ಎಂಬುದೇ ಮೊದಲ ಪ್ರಶ್ನೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಔಷಧ ಕೊಡಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ ಎಂದು ಕೇಂದ್ರದ ಆರೋಗ್ಯ ಸೇವಾ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ತಿಳಿಸಿದೆ. ಮಕ್ಕಳ ಹೆಚ್ಚಿನ ಕೆಮ್ಮು ತಾನಾಗಿ ಗುಣವಾಗುತ್ತದೆ. ಆದರೆ ಉಸಿರಾಟಕ್ಕೆ ಕಷ್ಟವಾದರೆ, ಮಗು ಹಾಲು ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ ಕಾಯಬಾರದು.

ಔಷಧದಿಂದ ಅಡ್ಡಪರಿಣಾಮವಾಯಿತೆಂಬ ಶಂಕೆಯಿದ್ದರೆ ಸಾಮಾನ್ಯ ನಾಗರಿಕರೂ ವರದಿ ಮಾಡಬಹುದು. ಇದಕ್ಕಾಗಿ 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವೊಂದಿದ್ದು, ಉಚಿತ ದೂರವಾಣಿ 1800-180-3024. ಗ್ರಾಹಕರ ವರದಿ ನಮೂನೆ ಕನ್ನಡದಲ್ಲೂ ಇದೆ. ಸಂಶಯಾಸ್ಪದ ಔಷಧದ ಬಗ್ಗೆ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತದ ಉಚಿತ ದೂರವಾಣಿ 1800-222-365ಕ್ಕೆ ತಿಳಿಸಬಹುದು.

ಮುಂಬಯಿಯ ಮಳೆಗಾಲ ಮತ್ತು ಮಾತ್ರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲಿರುವ ತೇವ ಮಾತ್ರೆಗಳಿಗೆ ಹಿತವಲ್ಲ. ವಾರದ ಮಾತ್ರೆಗಳನ್ನೆಲ್ಲ ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ತುಂಬಿಸಿದರೆ ತೇವ ಹೀರುವ ಮಾತ್ರೆಗಳು ಹಾಳಾಗುತ್ತವೆ, ಮದ್ದಿನ ಹೆಸರೂ ಕಳೆದುಹೋಗುತ್ತದೆ. ಅಡುಗೆಮನೆಯ ಒಲೆಯ ಪಕ್ಕ, ಬಚ್ಚಲುಮನೆಯ ಕಪಾಟು, ಬಿಸಿಲು ಬೀಳುವ ಕಿಟಕಿ ಇವು ಔಷಧ ಇಡುವ ಜಾಗಗಳಲ್ಲ. ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್‌ನಲ್ಲಿ ಅಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕೆ ಬಾರದು. ಊರಿಗೆ ರೈಲಿನಲ್ಲಿ ಒಯ್ಯುವಾಗ ಬರ್ಫ ಅದಕ್ಕೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಥರ್ಮಾಸ್‌ನಲ್ಲಿ ಇಡಬಹುದು.

ಸಂಘ-ಸಂಸ್ಥೆಗಳು ಮಾಡಬಹುದಾದದ್ದು

ಈ ಪರಿಸರದ ಕನ್ನಡ ಸಂಘ-ಸಂಸ್ಥೆಗಳು ಸಾಂಸ್ಕೃತಿಕ ಕಾರ್ಯಕ್ರಮಗಳ ಜತೆಗೆ ವೈದ್ಯಕೀಯ ಶಿಬಿರಗಳನ್ನೂ ನಡೆಸಿಕೊಂಡು ಬಂದಿರುವುದು ಶ್ಲಾಘನೀಯ. ಶಿಬಿರವೆಂದರೆ ಬಿ.ಪಿ. ನೋಡುವುದು, ಸಕ್ಕರೆ ತಪಾಸಣೆ, ಕಣ್ಣಿನ ಪರೀಕ್ಷೆ. ಇದಕ್ಕೆ ಇನ್ನೊಂದು ಮೇಜು ಸೇರಿಸಬಹುದು. ಶಿಬಿರಕ್ಕೆ ಬರುವಾಗ ಮನೆಯಲ್ಲಿರುವ ಎಲ್ಲ ಔಷಧಗಳನ್ನೂ, ಊರಿನದ್ದು, ಇಲ್ಲಿಯದ್ದು, ಆಯುರ್ವೇದದ್ದು, ಹಳೆಯದ್ದು ಎನ್ನದೆ, ಒಂದು ಚೀಲದಲ್ಲಿ ತರಲು ಸದಸ್ಯರಿಗೆ ಮೊದಲೇ ತಿಳಿಸುವುದು. ಸಮಾಜದಲ್ಲಿರುವ ಡಾಕ್ಟರು, ಫಾರ್ಮಸಿಸ್ಟ್‌ಗಳು ಚೀಲ ಬಿಡಿಸಿ ನೋಡುವುದು. ವಿದೇಶಗಳಲ್ಲಿ ಇಂತಹ ಪರಿಶೀಲನೆ ಬಹುಕಾಲದಿಂದ ರೂಢಿಯಲ್ಲಿದೆ. ಇದಕ್ಕೆ ಯಂತ್ರ ಬೇಡ, ದೊಡ್ಡ ಖರ್ಚೂ ಇಲ್ಲ.

ಸಂಘದ ಯುವ ವಿಭಾಗದವರು ಆ ಮೇಜಿನಲ್ಲೇ ಪ್ರತಿಯೊಬ್ಬ ಹಿರಿಯರಿಗೂ ಕನ್ನಡದಲ್ಲಿ ಒಂದು ಪಟ್ಟಿ ಬರೆದುಕೊಡಬಹುದು: ಬ್ರ್ಯಾಂಡ್ ಹೆಸರು, ಮದ್ದಿನ ನಿಜವಾದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಕಾಯಿಲೆಗೆ, ಬೆಳಿಗ್ಗೆ-ಮಧ್ಯಾಹ್ನ-ರಾತ್ರಿ, ಬರೆದ ಡಾಕ್ಟರು ಯಾರು. ಯಾವುದಾದರೂ ಔಷಧ ಮೈಗೆ ಆಗದಿದ್ದರೆ ಅದರ ಹೆಸರನ್ನು ಮೇಲ್ಗಡೆ ಕೆಂಪು ಶಾಯಿಯಲ್ಲಿ ಬರೆಯಬೇಕು. ಆ ಪಟ್ಟಿಯ ಒಂದು ಪ್ರತಿ ಊರಿನ ಡಾಕ್ಟರಿಗೆ, ಒಂದು ಇಲ್ಲಿನ ಡಾಕ್ಟರಿಗೆ, ಒಂದು ಹಿರಿಯರ ಚೀಲದಲ್ಲಿ. ಇಲ್ಲಿನ ಡಾಕ್ಟರಿಗೆ ಓದಲು ಮದ್ದಿನ ಹೆಸರನ್ನು ಇಂಗ್ಲಿಷಿನಲ್ಲೂ ಬರೆದಿಡುವುದು ಒಳ್ಳೆಯದು.

ಕೊನೆಯದಾಗಿ ಒಂದು ಎಚ್ಚರಿಕೆ. ಈ ಲೇಖನ ಓದಿ ಯಾರೂ ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು. ಬಿ.ಪಿ., ಹೃದಯ, ಫಿಟ್ಸ್, ಥೈರಾಯ್ಡ್ ಮಾತ್ರೆಗಳನ್ನು ದಿಢೀರನೆ ಬಿಟ್ಟರೆ ಬೇರೆಯೇ ಅಪಾಯವಿದೆ. ಎರಡು ಸ್ಟ್ರಿಪ್‌ಗಳಲ್ಲಿ ಒಂದೇ ಮದ್ದಿನ ಹೆಸರು ಕಂಡರೆ ಮುಂದಿನ ಹೊತ್ತಿನ ಮಾತ್ರೆ ನುಂಗುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು, ಇಲ್ಲವೇ ಎರಡೂ ಸ್ಟ್ರಿಪ್‌ಗಳನ್ನು ಹತ್ತಿರದ ಫಾರ್ಮಸಿಸ್ಟ್‌ಗೆ ತೋರಿಸಬೇಕು. ಊರಿನಿಂದ ಹಿರಿಯರು ಬಂದ ಮನೆಗಳಲ್ಲಿ ಇಂದು ರಾತ್ರಿ ಊಟವಾದ ಮೇಲೆ ಆ ಮಾತ್ರೆಗಳ ಕಟ್ಟನ್ನು ಬಿಡಿಸಿ, ಮದ್ದಿನ ಹೆಸರುಗಳನ್ನು ಒಮ್ಮೆ ಓದಿ ನೋಡಲಿ.